ಸೀಗೆಹಳ್ಳ ಹಾಲ್ಟಿನ ಹದಿನೈದು ದಿನಗಳು

ಸೀಗೆಹಳ್ಳ
18 ನವೆಂಬರ್ 2022

ಆಂಥೋನಿ ಮಾಸ್ಟರಿಗೆ,

ಗುರುಶಾಂತಮ್ಮನ ನಮಸ್ಕಾರಗಳು. ಸೀಗೆಹಳ್ಳ ಅಂಗನವಾಡಿಯ ಟೀಚರ್ ಎಂದರೆ ನೆನಪಾಗಬಹುದು. ನೀವು ಇಲ್ಲಿನ ರೈಲ್ವೆ ಹಾಲ್ಟ್ ಬಿಟ್ಟು ಆಲೂರಿಗೆ ಮಗನ ಮನೆಗೆ ಹೋಗಿ ಮೂರು ವರ್ಷವಾಯಿತು. ಸಕಲೇಶಪುರದ ಚರ್ಚಿನಲ್ಲಿ ಕೇಳಿ ವಿಳಾಸ ತಿಳಿದುಕೊಂಡೆ. ಇಲ್ಲಿ ಈಗಲೂ ಫೋನಿಗೆ ಸಿಗ್ನಲ್ ಇಲ್ಲ. ಅಲ್ಲದೆ ನಾನು ಕೇಳುತ್ತಿರುವುದಕ್ಕೆ ಬರವಣಿಗೆಯಲ್ಲೇ ಉತ್ತರ ಬೇಕು.

2019ರ ಅಕ್ಟೋಬರಿನಲ್ಲಿ ಪ್ಯಾಸೆಂಜರ್ ರೈಲು ಇಲ್ಲಿ ನಿಲ್ಲುವುದನ್ನು ರದ್ದು ಮಾಡಿದರು. ಈಗ ನಾವು ಅದನ್ನು ಮತ್ತೆ ಕೇಳುತ್ತಿದ್ದೇವೆ. ಕಾಫಿ ತೋಟದ ಕೂಲಿ ಲೈನಿನವರು, ಊರಿನವರು ಸೇರಿ ಇನ್ನೂರ ಹನ್ನೊಂದು ಸಹಿ ಆಗಿದೆ. ಹೆದ್ದಾರಿಗೆ ಜೀಪಿನ ದಾರಿ ಹದಿನಾಲ್ಕು ಕಿಲೋಮೀಟರ್. ಬೆಳಿಗ್ಗೆ ಆನೆ ತೋಟದೊಳಗೆ ಇದ್ದರೆ ಜೀಪು ಹೊರಡುವುದಿಲ್ಲ. ಮಳೆಗಾಲದಲ್ಲಿ ದಾರಿಯೇ ಇರುವುದಿಲ್ಲ. ರೈಲು ಇದ್ದಾಗ ಮಕ್ಕಳು ಮುಕ್ಕಾಲು ಗಂಟೆಯಲ್ಲಿ ಸಕಲೇಶಪುರದ ಹೈಸ್ಕೂಲಿನಲ್ಲಿರುತ್ತಿದ್ದರು. 2019ರಿಂದ ಈಚೆಗೆ ನಮ್ಮ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿದ ಹದಿನಾಲ್ಕು ಮಕ್ಕಳಲ್ಲಿ ಐದು ಮಕ್ಕಳಿಗೆ ಹಾಸ್ಟೆಲ್ ಸಿಕ್ಕಿತು. ಒಂಬತ್ತು ಮಕ್ಕಳು ಮನೆಯಲ್ಲಿದ್ದಾರೆ. ನನ್ನ ಚಿಕ್ಕ ಮಗಳು ಶೀಲಾ ಈಗ ಏಳನೇ ತರಗತಿ. ಜೂನಿನೊಳಗೆ ರೈಲು ನಿಲ್ಲದಿದ್ದರೆ ಅವಳ ಗತಿಯೂ ಅದೇ.

ಮಾಹಿತಿ ಹಕ್ಕಿನಲ್ಲಿ ಕೇಳಿದ್ದಕ್ಕೆ ರೈಲ್ವೆಯವರು ಒಂದು ಕಾಗದ ಕೊಟ್ಟಿದ್ದಾರೆ. 2019ರ ಏಪ್ರಿಲ್ 8ರಿಂದ 22ರವರೆಗೆ ಹದಿನೈದು ದಿನ ಪ್ರಯಾಣಿಕರನ್ನು ಎಣಿಸಿದಾಗ ದಿನಕ್ಕೆ ಸರಾಸರಿ ಮೂರು ಜನ ಎಂದು ಅದರಲ್ಲಿದೆ. ಕೆಳಗೆ ಹಾಲ್ಟ್ ಏಜೆಂಟರೆಂದು ನಿಮ್ಮ ಸಹಿ. ಆ ಹದಿನೈದು ದಿನ ಇಲ್ಲಿ ಏನಿತ್ತೆಂದು ನಿಮಗೆ ಹೇಳಬೇಕಾಗಿಲ್ಲ. ಆ ತಾರೀಖುಗಳನ್ನು ಮೇಲಿನವರು ಗೊತ್ತುಮಾಡಿದ್ದೇ? ಹಾಗಿದ್ದರೆ ಎರಡು ಸಾಲು ಬರೆದು ಸಹಿ ಹಾಕಿ ಕಳಿಸಿ. ನಿಮ್ಮ ಮನೆಯವರು ಪೆಟ್ರೀಷಿಯಾ ಬಾಯಿಯವರನ್ನು ಕೇಳಿದೆನೆಂದು ಹೇಳಿ.

ಇತಿ,
ಗುರುಶಾಂತಮ್ಮ

---

ಆಲೂರು
27 ನವೆಂಬರ್ 2022

ಗುರುಶಾಂತಮ್ಮ ಟೀಚರಿಗೆ,

ನಿಮ್ಮ ಪತ್ರ ತಲುಪಿತು. ನೀವು ಇಷ್ಟೆಲ್ಲ ಓಡಾಡುತ್ತಿರುವುದು ತಿಳಿದು ಸಂತೋಷವಾಯಿತು. ಇಲ್ಲಿ ಎಲ್ಲರೂ ಕ್ಷೇಮ. ಪೆಟ್ರೀಷಿಯಾಳ ಮಂಡಿನೋವು ಮಾತ್ರ ಹಾಗೇ ಇದೆ. ಮಗ ಆಲ್ಸ್ಟನ್ ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕ, ನಿಮಗೆ ಗೊತ್ತೇ ಇದೆ.

ನೀವು ಕೇಳಿದ ವಿಷಯ ಹಳೆಯದು. ನಾನು ಬರೀ ಕಮಿಷನ್ ಏಜೆಂಟ್. ಸಕಲೇಶಪುರದಿಂದ ಟಿಕೆಟ್ ಕಟ್ಟು ತಂದು ಮಾರುತ್ತಿದ್ದೆ, ಅಷ್ಟೆ. ಫಾರಂ ಮೇಲಿನಿಂದ ಬರುತ್ತಿತ್ತು. ತಾರೀಖೂ ಹಾಗೇ ಬಂದಿರಬೇಕು. ಸರಿಯಾಗಿ ನೆನಪಿಲ್ಲದ್ದನ್ನು ಬರೆದು ಸಹಿ ಹಾಕುವುದು ಚೆನ್ನಾಗಿರುವುದಿಲ್ಲ. ಶಾಸಕರನ್ನು ಹಿಡಿದರೆ ನಿಮ್ಮ ಕೆಲಸ ಬೇಗ ಆಗಬಹುದು.

ಮಗು ಶೀಲಾಳಿಗೆ ನನ್ನ ಆಶೀರ್ವಾದಗಳು.

ಇತಿ,
ಆಂಥೋನಿ ಮಿನೇಜಸ್

---

ಸೀಗೆಹಳ್ಳ
15 ಡಿಸೆಂಬರ್ 2022

ಆಂಥೋನಿ ಮಾಸ್ಟರಿಗೆ,

ಆಮೇಲೆ ಕೇಳಿ ತೆಗೆಸಿದ ಫಾರಂನ ಎರಡನೇ ಪುಟದ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ನಾಲ್ಕನೇ ಕಲಂ ನೋಡಿ. "ಮಾರ್ಚ್ ಒಂದರಿಂದ ಏಪ್ರಿಲ್ ಮೂವತ್ತರೊಳಗೆ ಏಜೆಂಟರು ಆಯ್ದುಕೊಂಡ ಸತತ ಹದಿನೈದು ದಿನಗಳು" ಎಂದಿದೆ. ತಾರೀಖು ನಿಮ್ಮ ಕೈಬರಹದಲ್ಲೇ ಇದೆ. ಎಂಟು ಬರೆಯುವಾಗ ನೀವು ಎರಡು ಸೊನ್ನೆ ಒಂದರ ಮೇಲೊಂದು ಇಡುವುದನ್ನು ನಾನು ಬಲ್ಲೆ.

ಕಚೇರಿಯವರಿಗೆ ಗೊತ್ತಿಲ್ಲದ್ದು ಒಂದಿದೆ. ಸುಗ್ಗಿ ಹಬ್ಬ ಬಂತೆಂದು ಊರಿಗೆಲ್ಲ ಸಾರಿ ಹೇಳುವ ಸಾರು ಹಾಕಿದ ಮೇಲೆ ನಮ್ಮ ಊರಿನವರು ಹಬ್ಬ ಮುಗಿಯುವವರೆಗೆ ಸೀಮೆ ದಾಟುವುದಿಲ್ಲ. ಹಸಿ ಎಲೆ ಕೊಯ್ಯುವುದಿಲ್ಲ, ನೆಲ ಅಗೆಯುವುದಿಲ್ಲ, ರೈಲು ಹತ್ತುವುದಿಲ್ಲ. ಆ ವರ್ಷ ಸಾರು ಹಾಕಿದ್ದು ಏಪ್ರಿಲ್ 8ಕ್ಕೆ. ಶಾಲೆಗೂ ರಜೆ ಬಂದಿತ್ತು. ಮಾರ್ಚಿನಲ್ಲಿ ಎಣಿಸಿದ್ದರೆ ದಿನಕ್ಕೆ ನಲವತ್ತು ಜನ ಸಿಗುತ್ತಿದ್ದರು. ಇದು ಇಪ್ಪತ್ತೆರಡು ವರ್ಷ ನಮ್ಮ ನಡುವೆ ಇದ್ದ ನಿಮಗೆ ಗೊತ್ತಿಲ್ಲದ್ದಲ್ಲ.

ಯಾಕೆ ಎಂದು ನಾನು ಕೇಳುವುದಿಲ್ಲ. ಆ ದಿನಗಳು ಊರಿನ ನಿಜವಾದ ಲೆಕ್ಕವಲ್ಲ ಎಂದು ನೀವೇ ಬರೆದುಕೊಟ್ಟರೆ ಮತ್ತೊಮ್ಮೆ ಎಣಿಸಲು ಆದೇಶ ಮಾಡುವುದಾಗಿ ರೈಲ್ವೆ ಕಚೇರಿಯ ಅಧಿಕಾರಿ ಹೇಳಿದ್ದಾರೆ. ನಾವು ಬರೆದರೆ ಆಗದು, ಸಹಿ ಹಾಕಿದವರೇ ಬರೆಯಬೇಕು. ಫೆಬ್ರವರಿಯೊಳಗೆ ಆದರೆ ಮಾರ್ಚಿನಲ್ಲಿ ಎಣಿಕೆ ನಡೆಯುತ್ತದೆ. ತಡವಾದರೆ ಮತ್ತೆ ಸುಗ್ಗಿ ಬರುತ್ತದೆ.

ಇತಿ,
ಗುರುಶಾಂತಮ್ಮ

---

ಆಲೂರು
20 ಜನವರಿ 2023

ಗುರುಶಾಂತಮ್ಮ ಟೀಚರಿಗೆ,

ನಿಮ್ಮ ಪತ್ರಕ್ಕೆ ಕ್ರಿಸ್ಮಸ್‌ಗೆ ಮೊದಲೇ ಉತ್ತರ ಬರೆಯಲು ಕುಳಿತೆ. ನಾಲ್ಕು ಸಲ ಬರೆದು ಹರಿದೆ. ಐದನೆಯದು ಇದು.

ತಾರೀಖು ಆಯ್ದವನು ನಾನೇ. ತಿಳಿದೇ ಆಯ್ದೆ. ಹೋದ ಪತ್ರದಲ್ಲಿ ಬರೆದದ್ದು ಸುಳ್ಳು.

ಕಾರಣ ನೀವು ಕೇಳಲಿಲ್ಲ. ಆದರೂ ಹೇಳಬೇಕು. 2008ರ ಮಳೆಗೆ ಗುಡ್ಡ ಜರಿದು ಜೀಪಿನ ದಾರಿ ಮುಚ್ಚಿತ್ತಲ್ಲ, ಆಗ ಲೈನಿನ ಹೆಂಗಸರಿಗೆ ಎರಡು ತಿಂಗಳು ಕೆಲಸವಿರಲಿಲ್ಲ. "ಟಿಕೆಟ್ ಬೇಡ, ಹತ್ತಿ" ಎಂದೆ. ಗಾರ್ಡು ನೋಡಿಯೂ ನೋಡದಂತಿದ್ದರು. ದಾರಿ ತೆರೆದ ಮೇಲೆ ಟಿಕೆಟ್ ಕೇಳಲು ನನ್ನ ಬಾಯಿ ಏಳಲಿಲ್ಲ. ಕೊಡುತ್ತೇನೆ ಎಂದು ಯಾರೂ ಹೇಳಲೂ ಇಲ್ಲ. ಒಂದು ಮಳೆಗಾಲದ ವಿನಾಯಿತಿ ಹನ್ನೊಂದು ವರ್ಷದ ಪದ್ಧತಿಯಾಯಿತು. ನಲವತ್ತು ಜನ ಹತ್ತುತ್ತಿದ್ದರು, ಟಿಕೆಟ್ ಕೊಳ್ಳುತ್ತಿದ್ದವರು ಮೂರೋ ನಾಲ್ಕೋ ಜನ. ನನ್ನನ್ನು ಎಲ್ಲರೂ ದೊಡ್ಡ ಮನುಷ್ಯ ಎಂದರು. ಅದು ಹಿತವಾಗಿತ್ತು.

ಎಣಿಕೆಯ ಫಾರಂ ಬಂದಾಗ ಭಯವಾಯಿತು. ಅದರಲ್ಲಿ ಎರಡು ಕಾಲಂ. ಒಂದು ಹತ್ತಿದ ತಲೆಗಳಿಗೆ, ಇನ್ನೊಂದು ಮಾರಿದ ಟಿಕೆಟ್ಟಿಗೆ. ನಲವತ್ತು ಎಂದು ಬರೆದರೆ ಪಕ್ಕದಲ್ಲಿ ಮೂರು ಎಂದು ಬರೆಯಬೇಕಿತ್ತು. ಆಲ್ಸ್ಟನ್‌ಗೆ ಆಗತಾನೆ ಕೆಲಸವಾಗಿತ್ತು. ಎರಡು ಕಾಲಮೂ ಹೊಂದುವ ದಿನಗಳು ಸುಗ್ಗಿಯಲ್ಲಿ ಮಾತ್ರ ಸಿಗುತ್ತವೆಂದು ನನಗೆ ಗೊತ್ತಿತ್ತು. ಇಷ್ಟಕ್ಕೇ ರೈಲು ತಪ್ಪಿಸುತ್ತಾರೆಂದು ಎಣಿಸಿರಲಿಲ್ಲ. ಎಣಿಸಬೇಕಿತ್ತು. ಪ್ರಯಾಣಿಕರ ಎಣಿಕೆಯನ್ನು ಸುಮ್ಮನೆ ಯಾರು ಕೇಳುತ್ತಾರೆ?

ಪ್ರತಿ ವರ್ಷ ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಪಾಪನಿವೇದನೆಗೆ ಹೋಗಿದ್ದೇನೆ. ಒಮ್ಮೆಯೂ ಇದನ್ನು ಹೇಳಲಿಲ್ಲ. ಇದು ಆಫೀಸಿನ ವಿಷಯ, ಪಾಪವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಹೊಸ ವರ್ಷದ ದಿನ ಊಟದ ಮೇಲೆ ಆಲ್ಸ್ಟನ್‌ಗೆ ಹೇಳಿದೆ. ಅವನು ತಟ್ಟೆ ಪಕ್ಕಕ್ಕೆ ಸರಿಸಿದ. ಆಮೇಲೆ, "ಪಪ್ಪಾ, ದಿನಾ ನಾನು ಜನರನ್ನ ಇಳಿಸಿ ದಂಡ ಹಾಕ್ತೀನಿ. ನಾಳೆ ಡಿಪಾರ್ಟ್‌ಮೆಂಟಲ್ಲಿ, ನಿಮ್ಮಪ್ಪನೇ ಹನ್ನೊಂದು ವರ್ಷ ಬಿಟ್ಟಿ ಹತ್ತಿಸಿದ್ನಂತಲ್ಲೋ ಅಂತಾರೆ. ನಾನೇನು ಹೇಳ್ಲಿ?" ಎಂದ. ಪೆಟ್ರೀಷಿಯಾ ಒಳಗಿನಿಂದಲೇ, "ನಿಜ ಅಂತ ಹೇಳು" ಎಂದಳು. ಅಷ್ಟು ಹೇಳಿ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ.

ಹೇಳಿಕೆಯನ್ನು ಇದರೊಂದಿಗೆ ಇಟ್ಟಿದ್ದೇನೆ. ತಾರೀಖು ನಾನೇ ಆಯ್ದದ್ದು, ಏಕೆ ಆಯ್ದದ್ದು, ಟಿಕೆಟ್ ಕೊಡದೆ ಹತ್ತಿಸಿದ್ದು, ಮೂರನ್ನೂ ಬರೆದಿದ್ದೇನೆ. ಮೂರನೆಯದನ್ನು ಬಿಟ್ಟರೆ ಎರಡನೆಯದು ಅರ್ಥವಾಗುವುದಿಲ್ಲ. ನಿಮ್ಮ ಊರಿನವರಿಗೆ ಇದರಿಂದ ಮುಜುಗರವಾಗಬಹುದು. ಅದಕ್ಕೂ ನಾನೇ ಹೊಣೆ.

ಇತಿ,
ಆಂಥೋನಿ

---

ಸೀಗೆಹಳ್ಳ
9 ಫೆಬ್ರವರಿ 2023

ಆಂಥೋನಿ ಮಾಸ್ಟರಿಗೆ,

ಹೇಳಿಕೆಯನ್ನು ಕಚೇರಿಗೆ ಕೊಡುವ ಮೊದಲು ಊರಿನವರಿಗೆ ತಿಳಿಸಬೇಕೆನಿಸಿತು. ಭಾನುವಾರ ಅಂಗನವಾಡಿಯ ಮುಂದೆ ಎಲ್ಲರನ್ನೂ ಕೂಡಿಸಿ ಪೂರ್ತಿ ಓದಿದೆ. ಆದದ್ದನ್ನು ಮುಚ್ಚಿಡದೆ ಬರೆಯುತ್ತೇನೆ.

ಮೊದಲು ಎದ್ದವಳು ಲೈನಿನ ಜಗದಾಂಬ. "ಥೂ, ನಮ್ಮನ್ನೆಲ್ಲ ಕಳ್ರು ಅಂತ ಬರ್ದ್ ಕೊಟ್ಬುಟ್ಟವ್ನಲ್ಲ ಮಾರಾಯ! ಇವ್ನ ಮಗ್ಳು ಮದ್ವೆಗೆ ಹಿಟ್ಟು ಕುಟ್ಟಿಕೊಟ್ಟಿದ್ದು ಈ ಕೈ ಕಣ್ರೀ!"

ಹಳಿ ಕೆಲಸದ ಗ್ಯಾಂಗ್‌ಮನ್ ಆಗಿದ್ದ ಜವರಯ್ಯ ಕೂತಲ್ಲಿಂದಲೇ ಕೇಳಿದ. "ಟಿಕೆಟ್ ತಗಂಡಿದ್ಯೇನಮ್ಮ ನೀನು? ಎದೆ ಮುಟ್ಕಂಡ್ ಹೇಳು ನೋಡಾನ."

"ನಾನ್ಯಾಕ್ ತಗಳ್ಲಿ? ಅವ್ರೇ ಬ್ಯಾಡ ಹೋಗಮ್ಮ ಅಂತಿದ್ರು."

"ಮತ್ತೆ? ಬರ್ದಿರೋದ್ ನಿಜಾನೇ ಐತಲ್ಲ."

ಜನ ನಕ್ಕರು. ಜಗದಾಂಬಳೂ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಆದರೆ ಭೂತಯ್ಯ ನಗಲಿಲ್ಲ. ಪ್ರತಿ ವರ್ಷ ಸಾರು ಹಾಕುವವರು ಅವರೇ ಎಂದು ನಿಮಗೆ ಗೊತ್ತು. ಕೋಲು ಊರಿಕೊಂಡು ನಿಂತು ಅವರು ಆಡಿದ್ದು ಇಷ್ಟೆ. "ಟಿಕೆಟ್ಟಿನ ವಿಚಾರ ಬುಡಿ, ಅದ್ರಾಗೆ ನಾವೂ ಇದೀವಿ. ದ್ಯಾವ್ರ ದಿನಾನೇ ನೋಡ್ಕಂಡ್ ಎಣ್ಸವ್ನಲ್ಲ, ಅದು ಹೊಟ್ಟೆ ಉರಿಸ್ತೈತೆ. ನಮ್ ಸುಗ್ಗೀನೇ ನಮ್ಮೇಲೆ ಸಾಕ್ಷಿಗ್ ನಿಲ್ಲಿಸ್ಬುಟ್ಟ." ಹೇಳಿ ಮನೆಗೆ ಹೋದರು. ಸಭೆ ಅಲ್ಲಿಗೇ ಮುಗಿಯಿತು.

ಸೋಮವಾರ ಹೇಳಿಕೆ ಕಚೇರಿ ಸೇರಿತು. ಮಾರ್ಚ್ 1ರಿಂದ 15ರವರೆಗೆ ಪ್ರಾಯೋಗಿಕವಾಗಿ ರೈಲು ನಿಲ್ಲಿಸಿ ಎಣಿಸುತ್ತಾರಂತೆ. ತಲೆಯನ್ನಲ್ಲ, ಟಿಕೆಟ್ಟನ್ನು. ದಿನಕ್ಕೆ ಸರಾಸರಿ ಇಪ್ಪತ್ತೈದಾದರೂ ಬರಬೇಕು. ನಿಮ್ಮ ಮೇಲೆ ಕ್ರಮದ ಮಾತನ್ನು ಅಧಿಕಾರಿ ಆಡಲಿಲ್ಲ. ಹೇಳಿಕೆಯನ್ನು ಎರಡು ಸಲ ಓದಿ, "ಇದನ್ನು ಬರೆಯಲು ಎಷ್ಟು ದಿನ ತೆಗೆದುಕೊಂಡರು?" ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಇತಿ,
ಗುರುಶಾಂತಮ್ಮ

---

ಆಲೂರು
21 ಫೆಬ್ರವರಿ 2023

ಗುರುಶಾಂತಮ್ಮ ಟೀಚರಿಗೆ,

ಭೂತಯ್ಯನವರ ಮಾತನ್ನು ಬಿಡದೆ ಬರೆದದ್ದಕ್ಕೆ ಕೃತಜ್ಞ. ನೀವು ಅದನ್ನು ಬಿಟ್ಟಿದ್ದರೆ ನಾನು ಸ್ವಲ್ಪ ನೆಮ್ಮದಿಯಾಗಿರುತ್ತಿದ್ದೆ, ಅದು ನ್ಯಾಯವಾಗುತ್ತಿರಲಿಲ್ಲ.

ಎಣಿಕೆಯ ದಿನಗಳಲ್ಲಿ ಬಂದು ಟಿಕೆಟ್ ಕೊಡಲು ಕೂರಲೇ ಎಂದು ಕೇಳೋಣವೆಂದಿದ್ದೆ. ಕೇಳುವುದಿಲ್ಲ. ಆ ಕಿಟಕಿಯ ಹಿಂದೆ ನನ್ನ ಮುಖ ಕಂಡರೆ ಹಳೆಯ ಅಭ್ಯಾಸದ ಮೇಲೆ ಯಾರಾದರೂ ಹಾಗೇ ಹತ್ತಿಬಿಟ್ಟಾರು.

ಅಧಿಕಾರಿ ಕೇಳಿದ್ದಕ್ಕೆ ಉತ್ತರ: ಬರೆಯಲು ಒಂದು ಗಂಟೆ. ಪೆನ್ನು ತೆಗೆಯಲು ಮೂರು ವರ್ಷ ಒಂಬತ್ತು ತಿಂಗಳು.

ಇತಿ,
ಆಂಥೋನಿ

---

ಸೀಗೆಹಳ್ಳ
30 ಏಪ್ರಿಲ್ 2023

ಆಂಥೋನಿ ಮಾಸ್ಟರಿಗೆ,

ತಡವಾಗಿ ಬರೆಯುತ್ತಿದ್ದೇನೆ. ಸುಗ್ಗಿ, ಅದಾದ ಮೇಲೆ ಚುನಾವಣೆಯ ತರಬೇತಿ.

ಎಣಿಕೆಯಲ್ಲಿ ದಿನಕ್ಕೆ ಸರಾಸರಿ ನಲವತ್ತಾರು ಟಿಕೆಟ್ ಆಯಿತು. ಮೊದಲ ದಿನ ಜಗದಾಂಬ ತನ್ನ ಟಿಕೆಟ್ಟನ್ನು ಗಾರ್ಡಿನ ಮೂಗಿಗೇ ಹಿಡಿದು, "ನೋಡ್ಕಳಪ್ಪ, ಕಣ್ತುಂಬ ನೋಡ್ಕ" ಎಂದಳಂತೆ. ಸಕಲೇಶಪುರದಲ್ಲಿ ಏನೂ ಕೆಲಸವಿಲ್ಲದವರೂ ಹೋಗಿ ಕಾಫಿ ಕುಡಿದು ಬಂದರು. ಅದು ಸರಿಯೇ ಎಂದು ನನಗೆ ಅನುಮಾನ ಬಂತು. ಜವರಯ್ಯ, "ಮೊದಲು ಕಮ್ಮಿ ಮಾಡಿ ಎಣ್ಸಿದ್ರು, ಈಗ ಒಂಚೂರು ಜಾಸ್ತಿ ಆಗ್ಲಿ ಬುಡಮ್ಮ" ಎಂದ. ಅಂಥವರನ್ನು ಬಿಟ್ಟು ನಾನು ಬೇರೆ ಲೆಕ್ಕ ಮಾಡಿದೆ. ಮೂವತ್ತೆಂಟು ಬಂತು. ಆ ಲೆಕ್ಕವನ್ನೂ ಕಚೇರಿಗೆ ಕೊಟ್ಟಿದ್ದೇನೆ. ಊರಿನವರಿಗೆ ಸಿಟ್ಟು ಬಂದಿದೆ. ಬರಲಿ.

ಜೂನ್ 1ರಿಂದ ಆರು ತಿಂಗಳ ಮಟ್ಟಿಗೆ ರೈಲು ನಿಲ್ಲುತ್ತದೆ. ಆದೇಶ ನಿನ್ನೆ ಬಂತು. ಶೀಲಾಳಿಗೆ ಸಕಲೇಶಪುರದಲ್ಲಿ ಎಂಟನೇ ತರಗತಿಗೆ ಅರ್ಜಿ ತಂದಿದ್ದೇನೆ.

ನಿಮ್ಮ ಹೇಳಿಕೆಯಿಂದಲೇ ಇದಾಯಿತು. ಧನ್ಯವಾದ ಎಂದು ಬರೆಯಬೇಕು. ಬರೆಯಲು ಕೈ ಬರುತ್ತಿಲ್ಲ. ತಪ್ಪು ತಿಳಿಯಬೇಡಿ.

ಇತಿ,
ಗುರುಶಾಂತಮ್ಮ

---

ಆಲೂರು
4 ಜುಲೈ 2023

ಗುರುಶಾಂತಮ್ಮ ಟೀಚರಿಗೆ,

ಇದನ್ನು ನಿಮಗೆ ತಿಳಿಸದೆ ಇರುವುದು ಸರಿಯಲ್ಲ. ಕಳೆದ ಶುಕ್ರವಾರ ನಾನು ನಿಮ್ಮ ರೈಲಿನಲ್ಲಿದ್ದೆ.

ಪುತ್ತೂರಿನಲ್ಲಿ ತಂಗಿಯ ಮನೆಗೆ ಹೋದವನು ಬೆಳಗಿನ ಪ್ಯಾಸೆಂಜರಿನಲ್ಲಿ ಘಟ್ಟ ಹತ್ತಿದೆ. ಸೀಗೆಹಳ್ಳದಲ್ಲಿ ಇಳಿದು ಭೂತಯ್ಯನವರ ಮನೆಗೆ ಹೋಗಿ ಮಾತಾಡಬೇಕೆಂದಿದ್ದೆ. ರೈಲು ನಿಂತಿತು. ಬಾಗಿಲವರೆಗೆ ಹೋದೆ. ಜನ ಒಟ್ಟಿಗೇ ಹತ್ತಿದರು, ಎಲ್ಲರ ಕೈಯಲ್ಲೂ ಟಿಕೆಟ್. ಯಾರೂ ನನ್ನನ್ನು ಗಮನಿಸಲಿಲ್ಲ. ಗಡ್ಡ ಬಿಟ್ಟಿದ್ದೇನೆ, ಅದಕ್ಕೂ ಇರಬಹುದು. ಒಂದು ನಿಮಿಷ ನಿಂತು ರೈಲು ಹೊರಟಿತು. ನಾನು ಇಳಿದಿರಲಿಲ್ಲ.

ವಾಪಸು ಬಂದರೆ ನನ್ನ ಜಾಗದಲ್ಲಿ ಎರಡು ಜಡೆಯ ಹುಡುಗಿ. "ತಾತ, ಇದು ನನ್ ಕಿಟ್ಕಿ. ದಿನಾ ಇಲ್ಲೇ ಕೂರೋದು. ಬೇಕಾದ್ರೆ ಪಕ್ಕದಲ್ ಕೂತ್ಕಳಿ" ಎಂದಳು. ಕೂತೆ. ಹೆಸರು ಕೇಳಿದೆ. ಶೀಲಾ ಎಂದಳು. ಅಮ್ಮ ಅಂಗನವಾಡಿ ಟೀಚರ್ ಎಂದಳು.

ಆಗ, ಇಷ್ಟು ತಿಂಗಳು ನಿಮ್ಮನ್ನು ಕೇಳದೆ ಇದ್ದದ್ದನ್ನು ಅವಳನ್ನು ಕೇಳಿದೆ. "ನಿನಗೆ ಅಕ್ಕ ಇರಬೇಕಲ್ಲ?"

"ಅಂಬಿಕಾ ಅಕ್ಕ. ಎಂಟನೇ ಕ್ಲಾಸ್ಗೇ ಬುಟ್ಬುಟ್ಲು. ರೈಲು ನಿಂತೋಯ್ತಲ್ಲ ಆಗ. ಎಸ್ಟೇಟ್ ಸ್ಟೋರ್ನಾಗೆ ಕಾಫಿ ಬೀಜ ಆರ್ಸಕ್ಕೆ ಹೋಯ್ತಾಳೆ. ನನ್ ಲೆಕ್ಕ ಎಲ್ಲ ಅವ್ಳೇ ಹೇಳ್ಕೊಡೋದು. ಎಂಟನೇ ಕ್ಲಾಸಿಂದು ಅರ್ಧ ಪುಸ್ತಕದ್ ತಂಕ ಚೆನ್ನಾಗ್ ಹೇಳ್ಕೊಡ್ತಾಳೆ. ಆಮೇಲಿಂದು ಅವ್ಳಿಗೂ ಗೊತ್ತಿಲ್ಲ."

ಸಕಲೇಶಪುರ ಬಂತು, ಅವಳು ಇಳಿದು ಹೋದಳು.

ಅಂಬಿಕಾ ನನಗೆ ನೆನಪಿದ್ದಳು, ಟೀಚರ್. 2019ರ ಜೂನಿನಿಂದ ನಾಲ್ಕು ತಿಂಗಳು ನನ್ನ ಕಣ್ಣೆದುರೇ ರೈಲು ಹತ್ತಿದವಳು. ನಿಮ್ಮ ಮೊದಲ ಪತ್ರದಲ್ಲಿ "ಚಿಕ್ಕ ಮಗಳು" ಎಂದು ಓದಿದಾಗಲೇ ದೊಡ್ಡವಳು ಎಲ್ಲಿ ಎಂಬ ಪ್ರಶ್ನೆ ಬಂತು. ಶೀಲಾಳಿಗೆ ಆಶೀರ್ವಾದ ಬರೆದು ಸುಮ್ಮನಾದೆ. ಒಂಬತ್ತು ಮಕ್ಕಳು ಎಂದು ಬರೆದಿದ್ದಿರಿ. ಒಂಬತ್ತು ಒಂದು ಅಂಕಿಯಾಗಿಯೇ ಇರಲಿ ಎಂದು ನಾನು ಹೆಸರು ಕೇಳಲಿಲ್ಲ.

ನೀವು ಯಾಕೆ ಬರೆಯಲಿಲ್ಲ? ನನ್ನನ್ನು ಬೈದು ಬರೆಯುವ ಹಕ್ಕು ನಿಮಗಿತ್ತು. ಈಗ ಅವಳಿಗೆ ನಾನು ಮಾಡಬಹುದಾದ್ದು ಏನಾದರೂ ಇದೆಯೇ? ಖಾಸಗಿಯಾಗಿ ಹತ್ತನೇ ತರಗತಿ ಪರೀಕ್ಷೆ ಕಟ್ಟಬಹುದೆಂದು ಪೆಟ್ರೀಷಿಯಾ ಹೇಳುತ್ತಾಳೆ. ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ.

ಇತಿ,
ಆಂಥೋನಿ

---

ಸೀಗೆಹಳ್ಳ
11 ಆಗಸ್ಟ್ 2023

ಆಂಥೋನಿ ಮಾಸ್ಟರಿಗೆ,

ನಿಮ್ಮ ಪತ್ರ ಬಂದು ಒಂದು ತಿಂಗಳಾಯಿತು. ಅಂಬಿಕಾ ಕೇಳಿದಳು, "ಯಾರ್ದಮ್ಮ ಕಾಗ್ದ, ಅಷ್ಟೊಂದ್ ಸಲ ತೆಗ್ದು ತೆಗ್ದು ನೋಡ್ತೀಯ?" ರೈಲ್ವೆಯದು ಎಂದೆ.

ಯಾಕೆ ಬರೆಯಲಿಲ್ಲ ಎಂದು ಕೇಳಿದ್ದೀರಿ. ನಿಮ್ಮ ಮೇಲಿನ ಮರ್ಯಾದೆಯಿಂದ ಅಲ್ಲ. ಅವಳ ವಿಷಯ ಬರೆದರೆ ಇನ್ನೊಂದನ್ನೂ ಬರೆಯಬೇಕಾಗುತ್ತಿತ್ತು.

ಆ ವರ್ಷದ ಸುಗ್ಗಿಯ ನಾಲ್ಕನೆಯದೋ ಐದನೆಯದೋ ದಿನ. ಅಂಗನವಾಡಿಯ ಆಹಾರದ ಮೂಟೆ ರೈಲಿನಲ್ಲಿ ಬರುವುದಿತ್ತು. ಹಾಲ್ಟ್ ಊರಿನ ಸೀಮೆಯೊಳಗೇ ಇರುವುದರಿಂದ ನಾನು ಅಲ್ಲಿಗೆ ಬಂದಿದ್ದೆ. ನೀವು ಪ್ಲಾಟ್‌ಫಾರ್ಮಿನ ಮೇಲೆ ಉದ್ದದ ಕಾಗದ ಹಿಡಿದು ನಿಂತಿದ್ದಿರಿ. ಇಬ್ಬರು ಹತ್ತಿದರು. ನೀವು ಎರಡು ಎಂದು ಬರೆದಿರಿ. ನಾನು, "ಏನ್ ಮಾಸ್ಟ್ರೇ, ಜನ ಎಣಿಸ್ತಿದೀರಾ?" ಎಂದೆ. "ಏನೋ ಆಫೀಸಿಂದು ಕಣಮ್ಮ" ಎಂದಿರಿ. ಸುಗ್ಗಿಯಲ್ಲಿ ಎಣಿಸಿದರೆ ಏನು ಸಿಕ್ಕೀತು ಎಂದು ನನಗೆ ಆ ಕ್ಷಣವೇ ಅನಿಸಿತು. ಬಾಯಿಗೂ ಬಂತು. ಆದರೆ ಹನ್ನೊಂದು ವರ್ಷ, ವಾರಕ್ಕೆರಡು ಸಲ, ಸಂಬಳ ಇರುವ ನಾನೂ ಟಿಕೆಟ್ ಇಲ್ಲದೆ ಹೋಗಿ ಬಂದವಳು. ಎಣಿಕೆಯ ಮಾತು ತೆಗೆದರೆ ಟಿಕೆಟ್ಟಿನ ಮಾತು ಬರುತ್ತದೆ ಎಂದು ಹೆದರಿದೆ. ಮೂಟೆ ಹೊತ್ತುಕೊಂಡು ಬಂದುಬಿಟ್ಟೆ. ನೀವು ಹೆದರಿದ್ದಕ್ಕೇ ನಾನೂ ಹೆದರಿದ್ದು.

ಏಪ್ರಿಲ್ 30 ಕಳೆಯಲು ಆಗ ಇನ್ನೂ ಹದಿನೆಂಟು ದಿನವಿತ್ತು. ಅಂದು ಒಂದು ಮಾತು ಆಡಿದ್ದರೆ ನೀವು ಕಾಗದ ಹರಿದು ಹಬ್ಬ ಮುಗಿದ ಮೇಲಿನ ದಿನಗಳಿಗೆ ಕಚೇರಿಯಲ್ಲಿ ಗಡುವು ಕೇಳುತ್ತಿದ್ದಿರೋ ಏನೋ. ಗೊತ್ತಿಲ್ಲ. ಅಕ್ಟೋಬರಿನಲ್ಲಿ ರೈಲು ತಪ್ಪಿತು. ಅಂಬಿಕಾ ಎರಡು ವಾರ ಹಳಿ ಹಿಡಿದು ಸುರಂಗ ದಾಟಿ ಮುಂದಿನ ಸ್ಟೇಷನ್ನಿಗೆ ನಡೆದು ರೈಲು ಹತ್ತಿದಳು. ಮೂರನೇ ವಾರ ನಾನೇ ಬೇಡವೆಂದೆ. ಅವಳು ಹಟ ಮಾಡಲಿಲ್ಲ. ಹಟ ಮಾಡಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮಾಹಿತಿ ಹಕ್ಕಿನ ಕಾಗದ ಬಂದ ದಿನ ನಿಮ್ಮ ಸಹಿ ನೋಡಿ, ನಿಜ ಹೇಳಬೇಕೆಂದರೆ, ನನಗೆ ಹಗುರವಾಯಿತು. ತಪ್ಪಿಗೆ ಒಂದು ಹೆಸರು ಸಿಕ್ಕಿತು, ಅದು ನನ್ನದಲ್ಲ ಎಂದು.

ಅಂಬಿಕಾ ಪರೀಕ್ಷೆ ಕಟ್ಟುತ್ತಾಳೋ ಇಲ್ಲವೋ ಅವಳನ್ನೇ ಕೇಳಬೇಕು. ಕೇಳುವ ಮೊದಲು ಇದನ್ನು ಹೇಳಬೇಕು. ಇನ್ನೂ ಹೇಳಿಲ್ಲ. ನಿಮ್ಮದನ್ನು ಇಡೀ ಊರಿಗೆ ಕೇಳುವಂತೆ ಓದಿದವಳು, ನನ್ನದನ್ನು ಒಲೆಯ ಮುಂದೆ ಕೂತು ಮಗಳಿಗೆ ಹೇಳಲಾರದೆ ಇದ್ದೇನೆ.

ಭಾನುವಾರ ಅವಳಿಗೆ ಸ್ಟೋರ್ ರಜೆ. ಅಂದು ಹೇಳುತ್ತೇನೆ. ಈ ಪತ್ರವನ್ನು ಇವತ್ತಿನ ರೈಲಿಗೇ ಕಳಿಸುತ್ತಿದ್ದೇನೆ. ಇದು ನಿಮ್ಮ ಕೈ ಸೇರಿದ ಮೇಲೆ ನಾನು ಹೇಳದೆ ಉಳಿಯುವಂತಿಲ್ಲ.

ಇತಿ,
ಗುರುಶಾಂತಮ್ಮ